ಮಗ್ಗ ಮನೆಯಲ್ಲಿ, ಲ್ಯಾಪ್‌ಟಾಪ್ ಮನೆಯಲ್ಲಿ



‘ಮನೆಯಿಂದ ಕೆಲಸವೋ, ಆಫೀಸಿಗೆ ಹೋಗಿ ಕೆಲಸವೋ’ ಎಂಬ ವಿಷಯ ಕೇಳಿ, ಇದು ಸರವಣಂಪಟ್ಟಿಯ ಐಟಿ ಹುಡುಗರ ಮಾತು, ನಮಗೇನು ಅಂತ ಕೆಲವರಿಗೆ ಅನ್ನಿಸಿರಬಹುದು. ಪೆರಿಯನಾಯಕನಪಾಳ್ಯದಲ್ಲಿ ಹಾಗನ್ನಿಸುವುದು ಸಹಜವೇ. ನಮ್ಮೂರು ಅಂದರೆ 1962ರಲ್ಲಿ ಶುರುವಾದ ಲಕ್ಷ್ಮಿ ಮೆಷಿನ್ ವರ್ಕ್ಸ್ ಕಾರ್ಖಾನೆ. ನೂಲುವ ಯಂತ್ರವನ್ನು ಅಡುಗೆಮನೆಯಲ್ಲಿ ಕೂತು ಜೋಡಿಸಿ ಕೊಡುತ್ತೇನೆ ಅಂದರೆ ಯಾವ ಮೇಸ್ತ್ರಿ ಒಪ್ಪುತ್ತಾನೆ! ಆದರೆ ನಮ್ಮಲ್ಲಿ ಹಲವರು ನೇಕಾರ ದೇವಾಂಗರ ಮನೆಗಳಿಂದ ಬಂದವರು. ನಮ್ಮ ಅಜ್ಜಂದಿರು ಮನೆ ಬಿಟ್ಟು ಕೆಲಸಕ್ಕೆ ಹೋದವರೇ ಅಲ್ಲ.

ಕುಣಿಮಗ್ಗವಿದ್ದ ಮನೆಯಲ್ಲಿ ಬೆಳೆದವರಿಗೆ ನಾನು ವಿವರಿಸಬೇಕಿಲ್ಲ. ಚಿಕ್ಕವರಿಗಾಗಿ ಹೇಳುತ್ತೇನೆ. ನಡುಮನೆಯ ನೆಲದಲ್ಲೇ ಗುಂಡಿ. ಅದರೊಳಗೆ ಕಾಲು ಇಳಿಬಿಟ್ಟು ಮೆಟ್ಟು ತುಳಿಯಬೇಕು. ಉಣ್ಣುವುದು, ಮಲಗುವುದು, ಮಗುವಿನ ತೊಟ್ಟಿಲು ಎಲ್ಲ ಮಿಕ್ಕ ಜಾಗದಲ್ಲಿ. ಬೇಕಾದಾಗ ಕೂರಬಹುದು, ಸಾಕೆನಿಸಿದಾಗ ಏಳಬಹುದು. ಚೌಡೇಶ್ವರಿ ಹಬ್ಬಕ್ಕೆ ಯಾರ ಹತ್ತಿರವೂ ರಜೆ ಕೇಳಬೇಕಿಲ್ಲ. ಇಷ್ಟಕ್ಕೇ ನಿಲ್ಲಿಸಿದರೆ ಸ್ವರ್ಗವೇ ಸರಿ. ಆದರೆ ಐಪ್ಪಸಿ ತಿಂಗಳ ಮಳೆ ಹಿಡಿದರೆ ಗುಂಡಿಯಲ್ಲಿ ನೀರು ಒಸರುತ್ತದೆ, ಹಾಸಿನ ಎಳೆ ತೇವ ಎಳೆದುಕೊಂಡು ಒಂದಕ್ಕೊಂದು ಅಂಟುತ್ತದೆ, ಲಾಳಿ ಓಡುವುದಿಲ್ಲ. ಮಗ್ಗ ನಿಂತ ದಿನ ಕೂಲಿ ಇಲ್ಲ. ಜಾಗ, ದೀಪ, ರಿಪೇರಿ ಎಲ್ಲವೂ ನೇಕಾರನ ತಲೆಯ ಮೇಲೆ. ನೂಲು ಕೊಟ್ಟ ಸಾಹುಕಾರ ದುಡ್ಡು ಕೊಡುವುದು ಮುಗಿದ ಸೀರೆಗೆ ಮಾತ್ರ. ಕಂಡಿಕೆಗೆ ನೂಲು ಸುತ್ತುವ ಹೆಂಡತಿ, ಶಾಲೆಯಿಂದ ಬಂದು ಕಡಿದ ಎಳೆಗೆ ಗಂಟು ಹಾಕುವ ಮಗಳು, ಇವರ ಹೆಸರು ಆ ಲೆಕ್ಕದ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಸರ್ಕಾರ ಎಣಿಸಿದಾಗ ಅವರು ಕಂಡರು: 2019–20ರ ಕೈಮಗ್ಗ ಗಣತಿ ದೇಶದಲ್ಲಿ ಎಣಿಸಿದ್ದು ಸುಮಾರು 35 ಲಕ್ಷ ಕೆಲಸಗಾರರನ್ನು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು.

ಇನ್ನು ಮನೆ ಬಿಟ್ಟು ಹೋಗುವ ಕೆಲಸ. ಕೊಯಮತ್ತೂರಿಗೆ ಸ್ಟೇನ್ಸ್ ಎಂಬುವರ ನೂಲಿನ ಮಿಲ್ಲು ಬಂದದ್ದು 1888ರಲ್ಲಿ. 1930ರ ದಶಕದಲ್ಲಿ ಪೈಕಾರ ವಿದ್ಯುತ್ ಯೋಜನೆಯ ಕರೆಂಟು ಇಳಿದು ಬಂದ ಮೇಲೆ ಮಿಲ್ಲುಗಳು ಸಾಲುಸಾಲಾಗಿ ಎದ್ದವು. ಹತ್ತಿಯ ಧೂಳು, ಕಿವಿ ಕಿತ್ತುಹೋಗುವ ಸದ್ದು, ಮೇಸ್ತ್ರಿಯ ಬೈಗುಳ ಎಲ್ಲ ಇತ್ತು. ಆದರೂ ಜನ ಹೋದರು. ಹೊಟ್ಟೆಪಾಡು ಅನ್ನಿ, ಅದೊಂದೇ ಅಲ್ಲ ಅಂತ ನನಗನಿಸುತ್ತದೆ. ಮಿಲ್ಲಿನ ಸಂಗು ಊದಿದರೆ ಕೆಲಸ ಮುಗಿಯಿತು, ಗೇಟು ದಾಟಿದರೆ ಹೊತ್ತು ನಮ್ಮದು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. 1955ರಲ್ಲಿ ಕಾರ್ಮಿಕರ ವಿಮೆಯಾದ ಇಎಸ್‌ಐ ಕೊಯಮತ್ತೂರಿಗೆ ಬಂತು. ಇದೆಲ್ಲ ಸಿಕ್ಕಿದ್ದು ಗೇಟಿನ ಒಳಗಿದ್ದವರಿಗೆ. ಅದೇ ನೂಲಿನಲ್ಲಿ ಮನೆಯಲ್ಲಿ ನೇಯುತ್ತಿದ್ದವನಿಗೆ ಆ ಕಾಯ್ದೆಯೂ ಇಲ್ಲ, ಆ ವಿಮೆಯೂ ಇಲ್ಲ.

ಈಗಿನ ಮಕ್ಕಳ ವಿಷಯಕ್ಕೆ ಬರೋಣ. ಕೊರೊನಾ ಕಾಲದಲ್ಲಿ ಎಲ್ಲರೂ ಊರಿಗೆ ಬಂದರು. ಅದುವರೆಗೆ ಆಗುವುದೇ ಇಲ್ಲ ಎನ್ನುತ್ತಿದ್ದ ಕಂಪನಿಗಳಲ್ಲಿ ಕೆಲಸ ಸರಾಗವಾಗಿ ನಡೆಯಿತು. 2022ರಲ್ಲಿ ಮನೆಯಿಂದ ಕೆಲಸಕ್ಕೆ ಅನುವಾಗುವಂತೆ ವಿಶೇಷ ಆರ್ಥಿಕ ವಲಯಗಳ ನಿಯಮವನ್ನೂ ಸರ್ಕಾರ ಸಡಿಲಿಸಿತು. ಆಮೇಲೆ ಕಂಪನಿಗಳು ಒಂದೊಂದಾಗಿ ವಾಪಸ್ ಕರೆದವು. 2023ರಲ್ಲಿ ಟಿಸಿಎಸ್ ವಾರದ ಐದೂ ದಿನ ಬನ್ನಿ ಅಂದಿತು. ಬರದಿದ್ದರೆ ಕೆಲಸ ಕೆಡುತ್ತದೆ ಎಂಬ ಮಾತಿಗೆ ಚೀನಾದ ಟ್ರಿಪ್.ಕಾಮ್ ಕಂಪನಿಯಲ್ಲಿ 1,600ಕ್ಕೂ ಹೆಚ್ಚು ನೌಕರರ ಮೇಲೆ ನಡೆದ ಅಧ್ಯಯನ ಉತ್ತರ ಕೊಟ್ಟಿದೆ. 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಬಂತು. ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರ ಕೆಲಸ ಕೆಡಲಿಲ್ಲ, ಕೆಲಸ ಬಿಟ್ಟುಹೋಗುವವರು ಮೂರನೇ ಒಂದು ಪಾಲು ಕಡಿಮೆಯಾದರು. ಹೆಂಗಸರಲ್ಲಿ, ದೂರದಿಂದ ಬರುವವರಲ್ಲಿ ಈ ಫಲ ಇನ್ನೂ ಹೆಚ್ಚು.

ಹಾಗಾದರೆ ಮನೆಯೇ ಮೇಲು ಅನ್ನುತ್ತೀರಾ ಅಂತ ಕೇಳಿದರೆ, ಎರಡು ದಿನಕ್ಕಾದರೆ ನನ್ನ ಒಪ್ಪಿಗೆ ಇದೆ. ಐದು ದಿನವೂ ಬೇಕೆನ್ನುವವರು ಅಜ್ಜನ ಮನೆಯ ಲೆಕ್ಕ ನೋಡಬೇಕು. ಕರೆಂಟಿನ ಬಿಲ್ಲು, ಇಂಟರ್ನೆಟ್ಟು, ಬೆನ್ನು ನೋಯಿಸದ ಕುರ್ಚಿ ಯಾರ ದುಡ್ಡಿನದು? ರಾತ್ರಿ ಹತ್ತಕ್ಕೆ ಫೋನು ಬಂದರೆ ಸಂಗು ಊದುವವರು ಯಾರು? ಮೀಟಿಂಗಿನ ನಡುವೆ ಕುಕ್ಕರು ಕೂಗಿದರೆ ಏಳುವುದು ಸೊಸೆಯೋ, ಮಗನೋ? ಈ ಕೊನೆಯದು ಕಂಪನಿಗೆ ಕೇಳುವ ಪ್ರಶ್ನೆಯಲ್ಲ, ನಮಗೆ. ಖರ್ಚಿನ ಮಾತಿಗೆ ಬಂದರೆ, ತಮಿಳುನಾಡು ಸರ್ಕಾರ ಕೈಮಗ್ಗದ ಮನೆಗೆ ಎರಡು ತಿಂಗಳಿಗೆ 300 ಯೂನಿಟ್ ಕರೆಂಟು ಉಚಿತವಾಗಿ ಕೊಡುತ್ತಿದೆಯಲ್ಲ, ದುಡಿಯುವ ಮನೆಗೂ ಖರ್ಚಿದೆ ಅಂತ ಒಪ್ಪಿಕೊಂಡ ಹಾಗಾಯಿತು ಅದು.

ಮನೆಯಲ್ಲಿ ಕೂತು ಇನ್ನೊಬ್ಬರಿಗಾಗಿ ದುಡಿಯುವವರಿಗೆ ಕಾರ್ಖಾನೆಯವರಷ್ಟೇ ಹಕ್ಕು ಸಿಗಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲೇ ಒಂದು ಒಪ್ಪಂದ ಮಾಡಿತು. ಫಿನ್ಲೆಂಡ್, ಐರ್ಲೆಂಡ್ ಒಪ್ಪಿವೆ, ಭಾರತ ಒಪ್ಪಿಲ್ಲ. ಅಪರೂಪಕ್ಕೊಮ್ಮೆ ಮನೆಯಿಂದ ಕೆಲಸ ಮಾಡುವ ನೌಕರ ಅದರ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಅದರಲ್ಲಿ ಬರೆದಿದೆ. ದಿನವೂ ಮನೆಯಿಂದಲೇ ದುಡಿಯುವವರು? ಅವರು ಬರುತ್ತಾರೆ. ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ಅಕ್ಕ ಮತ್ತು ಅವಳ ಎಂಜಿನಿಯರ್ ಮಗಳು ಭಾರತವೂ ಈ ಒಪ್ಪಂದವನ್ನು ಒಪ್ಪಲಿ ಎಂಬ ಒಂದೇ ಅರ್ಜಿಗೆ ಸಹಿ ಹಾಕಬಹುದು.

ಪ್ರಶ್ನೆಗಳಿದ್ದರೆ ಕೇಳಿ. ಹೆಂಗಸರು ಮೊದಲು ಕೇಳಲಿ.