ಪರದೆಯ ಮೇಲಿನ ಪ್ರಯೋಗಶಾಲೆ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ನಾವು ವಿಜ್ಞಾನ ಮಾಸ್ತರರಾಗಿದ್ದಾಗ ಒಂದು ತಪ್ಪು ಮಾಡಿದ್ದೇವೆ. ಅಮ್ಮೀಟರ್ ಕೆಟ್ಟರೆ ಲೆಕ್ಕ ಕೊಡುವವರಾರೆಂದು ಅಲಮಾರಿಯಲ್ಲಿಟ್ಟು ಬೀಗ ಹಾಕಿ, ಓಮ್‌ನ ನಿಯಮವನ್ನು ಹಲಗೆಯ ಮೇಲೇ ಮುಗಿಸಿದೆವು. ಹಾಗೆ ಕಲಿತ ಮಕ್ಕಳು ಯಾದಗಿರಿ, ಶಹಾಪುರ, ಸುರಪುರದಿಂದ ಎಂಜಿನಿಯರಿಂಗ್‌ಗೆ ಹೋದಾಗ, ಲ್ಯಾಬಿನಲ್ಲಿ ಒಂದು ಯಂತ್ರದ ಸುತ್ತ ಐದಾರು ಜನ ನಿಂತರೆ ಹಿಂದೆ ಸರಿಯುತ್ತಾರೆ. ಹೆಣ್ಣುಮಕ್ಕಳ ಪಾಲಿಗಂತೂ ರೀಡಿಂಗ್ ಬರೆದುಕೊಳ್ಳುವ ಕೆಲಸವಷ್ಟೇ.

ಕೇಂದ್ರ ಶಿಕ್ಷಣ ಸಚಿವಾಲಯದ ‘ವರ್ಚುವಲ್ ಲ್ಯಾಬ್ಸ್’ ಉಚಿತ. ಐಐಟಿಗಳ ಜೊತೆ ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಯೂ ಅದಕ್ಕೆ ಪ್ರಯೋಗಗಳನ್ನು ಸಿದ್ಧಪಡಿಸಿದೆ. ದುಬಾರಿ ವಿಆರ್ ಕನ್ನಡಕ ಬೇಡ, ಬ್ರೌಸರ್ ಸಾಕು. ಸರ್ಕಿಟ್ ತಪ್ಪಿದರೆ ಹತ್ತು ಸಲ ಬಿಚ್ಚಿ ಜೋಡಿಸಬಹುದು. ಏನೂ ಸುಡುವುದಿಲ್ಲ, ಯಾರೂ ಬೈಯುವುದಿಲ್ಲ. ಸಡಿಲಾದ ವೈರು, ಬೆಸುಗೆಯ ಬಿಸಿ ಮಾತ್ರ ಅಲ್ಲಿ ಸಿಗುವುದಿಲ್ಲ. ಅದಕ್ಕೆ ಕಾಲೇಜಿನ ಲ್ಯಾಬೇ ಆಗಬೇಕು. ಆದರೆ ಹಿಂದಿನ ರಾತ್ರಿ ಪರದೆಯಲ್ಲಿ ಮಾಡಿ ಹೋದ ಹುಡುಗಿ ಮರುದಿನ ಮುಂದೆ ನಿಂತಾಳು.

ಮನೆಯಲ್ಲಿ ಸುಮ್ಮನೆ ಬಿದ್ದಿರುವ, ಇನ್ನೂ ನಡೆಯುವ ಲ್ಯಾಪ್‌ಟಾಪ್ ಇದ್ದರೆ ದಾನಿಗಳು ಟ್ರಸ್ಟಿನ ಕಚೇರಿಗೆ ತಲುಪಿಸಿರಿ. ಪಾಲಕರೇ, ಮಗಳು ರಾತ್ರಿ ಅದರ ಮುಂದೆ ಕೂತರೆ ಗದರಬೇಡಿ. ಪಕ್ಕದಲ್ಲಿ ಕೂತು, ಏನು ಮಾಡ್ತಿದ್ದೀಯವ್ವಾ, ನಮಗೂ ತೋರಿಸು ಅನ್ನಿ.