ಮರಳಿ ಬೆಳೆಯುವ ಯಕೃತ್ತು



ಕಳೆದ ವಾರ ಇಶಾ ನಮಾಝಿನ ಬಳಿಕ ನಮ್ಮ ಜಮಾಅತಿನ ಯುವಕನೊಬ್ಬ ಎದ್ದು ಹೋಗದೆ ಕುಳಿತೇ ಇದ್ದ. ತಂದೆಯ ಯಕೃತ್ತು ಪೂರ್ತಿ ಕೆಟ್ಟಿದೆ, ಮಗ ತನ್ನದರಲ್ಲಿ ಒಂದು ಭಾಗ ಕೊಟ್ಟರೆ ಬದುಕುವ ಆಸೆಯಿದೆ ಎಂದಿದ್ದಾರಂತೆ ವೈದ್ಯರು. ಗಂಡನ ಜೊತೆ ಮಗನನ್ನೂ ಕಳಕೊಳ್ಳಬೇಕೇ ಎಂದು ತಾಯಿಯ ಅಳು. "ಉಸ್ತಾದ್, ಕತ್ತರಿಸಿದ್ದು ಮತ್ತೆ ಬೆಳೆಯುತ್ತದೆ ಅನ್ನುತ್ತಾರಲ್ಲ, ನಿಜವೇ?" ಎಂದು ಕೇಳಿದ.

ನಿಜ, ಆದರೆ ನಾವು ಅಂದುಕೊಂಡ ಹಾಗಲ್ಲ. ಹಲ್ಲಿಯ ಬಾಲ ತುಂಡಾದಲ್ಲೇ ಚಿಗುರುತ್ತದೆ. ಯಕೃತ್ತಿನಲ್ಲಿ ತೆಗೆದ ಭಾಗ ಮತ್ತೆ ಮೂಡುವುದಿಲ್ಲ, ಉಳಿದದ್ದೇ ದೊಡ್ಡದಾಗಿ ಇಡೀ ಕೆಲಸ ವಹಿಸಿಕೊಳ್ಳುತ್ತದೆ. 1931ರಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ಎಂಬವರು ಇಲಿಗಳ ಯಕೃತ್ತಿನ ಮೂರರಲ್ಲಿ ಎರಡು ಪಾಲು ತೆಗೆದು ಇದನ್ನು ವಿವರವಾಗಿ ದಾಖಲಿಸಿದರು. ಇಲಿಗೆ ಒಂದೆರಡು ವಾರ ಸಾಕು, ಮನುಷ್ಯನಿಗೆ ತಿಂಗಳುಗಳು ಬೇಕು. ದೊಡ್ಡವರ ಹೃದಯಕ್ಕೆ ಈ ಭಾಗ್ಯವಿಲ್ಲ.

ತೂಕ ಮರಳಿದರೆ ಸಾಕೇ? ಸಾಲದು. ಪ್ರತಿ ಜೀವಕೋಶವೂ ಕೂದಲಿಗಿಂತ ಸಣ್ಣ ರಕ್ತನಾಳಕ್ಕೆ ತಾಗಿಕೊಂಡು, ನಮ್ಮ ಸಫ್ಫಿನ ಹಾಗೆ ಸಾಲಾಗಿ ನಿಲ್ಲಬೇಕು. ಇದು ಹೇಗೆ ನಡೆಯುತ್ತದೆಂದು ಜರ್ಮನಿಯ ಲೈಪ್ಝಿಗ್ ಮತ್ತು ಡಾರ್ಟ್‌ಮುಂಡ್‌ನ ಸಂಶೋಧಕರು 2010ರಲ್ಲಿ ತೋರಿಸಿದರು. ವಿಷದಿಂದ ಹಾನಿಗೊಂಡ ಇಲಿಯ ಯಕೃತ್ತನ್ನು ದಿನದಿನವೂ ಅಳೆದು, ಕಂಪ್ಯೂಟರಿನಲ್ಲಿ ಅದರ ಪ್ರತಿರೂಪ ಕಟ್ಟಿದರು. ಅಲ್ಲಿ ಪ್ರತಿ ಕೋಶವೂ ಒಂದು ಮೆತ್ತನೆಯ ಗೋಲಿ. ತಳ್ಳುತ್ತದೆ, ಅಂಟುತ್ತದೆ, ಎರಡಾಗುತ್ತದೆ. ಎತ್ತ ಬೇಕಾದರತ್ತ ಒಡೆಯಲು ಬಿಟ್ಟಾಗ ಪ್ರತಿರೂಪ ನಿಜವಾದ ಯಕೃತ್ತಿಗೆ ಹೊಂದಲಿಲ್ಲ. ಹೊಸ ಕೋಶಗಳು ಹತ್ತಿರದ ರಕ್ತನಾಳದ ಗುಂಟ ಸಾಲುಗಟ್ಟುತ್ತವೆ ಎಂದು ಲೆಕ್ಕಕ್ಕೆ ಸೇರಿಸಿದಾಗ ಹೊಂದಿತು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ಹುಡುಕಿದರೆ, ಇಲಿಯಲ್ಲೂ ಹಾಗೆಯೇ ಇತ್ತು! ಬಿ.ಎ. ಓದಿದ ನಮಗೆ ಆ ಗಣಿತ ದಕ್ಕದು. ಆದರೆ ಲೆಕ್ಕ ಮೊದಲು ಹೇಳಿ, ಕಣ್ಣು ನಂತರ ಕಂಡ ಸಂಗತಿ ನಮ್ಮನ್ನು ಬೆರಗಾಗಿಸಿತು.

ಈ ಮರಳಿ ಬೆಳೆಯುವಿಕೆ ಫಿಕ್ಹ್‌ನಲ್ಲೂ ದೊಡ್ಡ ಮಾತು. 1988ರಲ್ಲಿ ಜಿದ್ದಾದಲ್ಲಿ ಸೇರಿದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು, ರಕ್ತ ಮತ್ತು ಚರ್ಮದಂತೆ ತಾನಾಗಿ ಬೆಳೆಯುವುದನ್ನು ಷರತ್ತುಗಳೊಂದಿಗೆ ಕೊಡಬಹುದು, ಜೀವಕ್ಕೇ ಆಧಾರವಾದ ಅಂಗವನ್ನು ಬದುಕಿರುವವನು ಕೊಡಕೂಡದು ಎಂದಿತು. ನಮ್ಮ ದೇಶದ ಉಲಮಾಗಳಲ್ಲಿ ಅಂಗದಾನದ ಬಗ್ಗೆ ಭಿನ್ನಾಭಿಪ್ರಾಯವಿದೆ, ಅದನ್ನು ನಾವು ಆ ಹುಡುಗನಿಂದ ಮುಚ್ಚಿಡಲಿಲ್ಲ. ಕೊಡುವವನಿಗೆ ಅಪಾಯವೇ ಇಲ್ಲವೆಂದೂ ಹೇಳಲಿಲ್ಲ.

ಸೋಮವಾರ ಅವನ ತಾಯಿಯನ್ನೂ ಕರೆದುಕೊಂಡು ವೈದ್ಯರ ಬಳಿಗೆ ಹೋಗುತ್ತಿದ್ದೇವೆ. ಕೇಳಬೇಕಾದ ಪ್ರಶ್ನೆಗಳನ್ನು ಅವರೇ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ.