ಜೈಲಿನೊಳಗೆ ಓಡಾಡಿದ ಅರ್ಜಿ ಪೆಟ್ಟಿಗೆ



ಇವತ್ತು ನಾವು ಜೈಲಿನ ವಿಷಯ ಮಾತಾಡೋಣ ಅಂತ ಬಂದಿದ್ದೇವೆ. "ಜೈಲಿನ ಮಾತು ನಮಗ್ಯಾಕಮ್ಮ? ನಾವೇನು ಕಳ್ಳತನ ಮಾಡಿದ್ದೀವಾ?" ಅಂತ ನೀವು ಕೇಳಬಹುದು. ಕೇಳುವುದು ಸರಿಯೇ. ಆದರೆ ಸ್ವಲ್ಪ ಯೋಚನೆ ಮಾಡಿ. ಬದುವಿನ ಜಗಳ ಪೊಲೀಸ್ ಠಾಣೆಗೆ ಹೋಗುತ್ತದೆ. ಗಂಡನ ಮೇಲೋ ಮಗನ ಮೇಲೋ ಕೇಸು ಬೀಳುತ್ತದೆ. ಕೆಲವು ಸಲ ನಮ್ಮ ಮೇಲೇ ಬೀಳುತ್ತದೆ. ಆಗ ಜೈಲಿನ ಬಾಗಿಲಲ್ಲಿ ಕಾದು ನಿಲ್ಲುವವರು ಯಾರು? ನಾವು ಹೆಂಗಸರೇ. ಕೈಗೆ ಕೊಟ್ಟ ಕಾಗದ ಓದಲಾಗದೆ ಅವರಿವರ ಕೈಕಾಲು ಹಿಡಿಯುವವರೂ ನಾವೇ. ಹೌದಲ್ಲವಾ?

ಮೊದಲು ಒಂದು ಮಾತು ತಿಳಿಯೋಣ. ಜೈಲಿನಲ್ಲಿ ಇರುವವರೆಲ್ಲ ಅಪರಾಧಿಗಳಲ್ಲ. ಕೇಸು ಇನ್ನೂ ನಡೆಯುತ್ತಿರುತ್ತದೆ. ತೀರ್ಪು ಬಂದಿರುವುದಿಲ್ಲ. ಇಂಥವರನ್ನು 'ವಿಚಾರಣಾಧೀನ ಕೈದಿ' ಎನ್ನುತ್ತಾರೆ. 2022ರ ಕೊನೆಯಲ್ಲಿ ನಮ್ಮ ದೇಶದ ಜೈಲುಗಳಲ್ಲಿದ್ದ ಪ್ರತಿ 4 ಜನರಲ್ಲಿ ಸುಮಾರು 3 ಜನ ಇಂಥವರೇ. ಕೆಲವರಿಗೆ ಜಾಮೀನು ಸಿಕ್ಕರೂ ಕಟ್ಟಲು ಹಣವಿಲ್ಲ. ಕೆಲವರಿಗೆ ವಕೀಲರಿಲ್ಲ. ತಪ್ಪು ಮಾಡಿದರೋ ಇಲ್ಲವೋ ಗೊತ್ತಾಗುವ ಮೊದಲೇ ವರ್ಷಗಳು ಕಳೆಯುತ್ತವೆ.

ಈಗ ನಿಮಗೆ ದಿಲ್ಲಿಯ ಒಂದು ಜೈಲಿನ ಕಥೆ ಹೇಳುತ್ತೇವೆ. ಇದು ಕಟ್ಟುಕಥೆಯಲ್ಲ, ನಡೆದದ್ದು.

ಆ ಜೈಲಿನ ಹೆಸರು ತಿಹಾರ್. ಬಹಳ ದೊಡ್ಡ ಜೈಲು. 1993ರಲ್ಲಿ ಅಲ್ಲಿ 8 ಸಾವಿರಕ್ಕಿಂತ ಹೆಚ್ಚು ಕೈದಿಗಳಿದ್ದರು. ಅದರ ಅರ್ಧದಷ್ಟು ಜನಕ್ಕೂ ಅಲ್ಲಿ ಜಾಗ ಇರಲಿಲ್ಲ. ಒಬ್ಬರು ಮಲಗುವ ಕಡೆ ಮೂರು ಮಂದಿ. ಕೈದಿಗಳೂ ಹೆಚ್ಚಿನವರು ವಿಚಾರಣಾಧೀನರು. ಬೇಡಿದ್ದು ಸಿಗಬೇಕಾದರೆ ಲಂಚ. ಬಲ ಇದ್ದವನದೇ ಆಟ.

ಆ ವರ್ಷ ಮೇ ತಿಂಗಳಲ್ಲಿ ದಿಲ್ಲಿಯ ಜೈಲುಗಳಿಗೆ ಒಬ್ಬ ಮಹಿಳೆ ಮುಖ್ಯಾಧಿಕಾರಿಯಾಗಿ ಬಂದರು. ಅವರೇ ಕಿರಣ್ ಬೇಡಿ. 1972ರಲ್ಲಿ ಐ.ಪಿ.ಎಸ್. ಸೇರಿದ ನಮ್ಮ ದೇಶದ ಮೊದಲ ಮಹಿಳೆ ಅವರು.

ಅವರು ಆಫೀಸಿನಲ್ಲಿ ಕುರ್ಚಿಗೆ ಅಂಟಿಕೊಂಡು ಕೂರಲಿಲ್ಲ. ವಾರ್ಡುಗಳಿಗೆ ನಡೆದುಕೊಂಡು ಹೋದರು. ಕೈದಿಗಳನ್ನು ಮಾತಾಡಿಸಿದರು. ಆದರೆ ಸಾವಿರಾರು ಜನರ ಕಷ್ಟ ಒಬ್ಬರೇ ನಿಂತು ಕೇಳಲು ಆಗುತ್ತದಾ? ಕಾವಲುಗಾರರ ಎದುರಿಗೆ ಅವರ ಮೇಲೇ ದೂರು ಹೇಳಲು ಯಾರಿಗೆ ಧೈರ್ಯ?

ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಬೀಗ ಹಾಕಿದ ಒಂದು ಅರ್ಜಿ ಪೆಟ್ಟಿಗೆ ಮಾಡಿಸಿದರು. ಆ ಪೆಟ್ಟಿಗೆ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ವಾರ್ಡಿನಿಂದ ವಾರ್ಡಿಗೆ ಹೋಗುತ್ತಿತ್ತು. ಕೈದಿಗಳು ತಮ್ಮ ಕಷ್ಟ ಬರೆದು ಅದರಲ್ಲಿ ಹಾಕುತ್ತಿದ್ದರು. ಊಟ ಚೆನ್ನಾಗಿಲ್ಲ, ಔಷಧಿ ಇಲ್ಲ, ಹೊಡೆಯುತ್ತಾರೆ, ಹಣ ಕೇಳುತ್ತಾರೆ. ಹೀಗೆ ಒಳಗಿನ ಮಾತು ನೇರವಾಗಿ ಮೇಲಧಿಕಾರಿಗೆ ತಲುಪಿತು. ನಡುವೆ ತಡೆಯುವವರಿರಲಿಲ್ಲ.

ಆದರೆ ಅಕ್ಕಂದಿರೇ, ಬರೆಯಲು ಬಂದವರು ಬರೆದರು. ಬಾರದವರು ಏನು ಮಾಡಬೇಕು? ತಮ್ಮ ಗುಟ್ಟು, ತಮ್ಮ ನೋವು ಇನ್ನೊಬ್ಬರ ಕೈಯಲ್ಲಿ ಬರೆಸಬೇಕು. ಈ ಕಷ್ಟ ನಮಗೆ ಗೊತ್ತಿಲ್ಲದ್ದಾ?

ತಿಹಾರ್‌ನಲ್ಲಿ ಓದು ಬಲ್ಲ ಕೈದಿಗಳೇ ಓದು ಬಾರದವರಿಗೆ ಕಲಿಸಿದರು. ಜೈಲೇ ಶಾಲೆಯಾಯಿತು. ಹೊರಗಿನ ಸಂಘಸಂಸ್ಥೆಯವರು ಬಂದು ಕೈಜೋಡಿಸಿದರು. ಕೈದಿಗಳೇ ಸೇರಿ ಪಂಚಾಯ್ತಿ ಮಾಡಿಕೊಂಡರು. ತಾಯಂದಿರ ಜೊತೆ ಒಳಗಿದ್ದ ಎಳೆ ಮಕ್ಕಳಿಗೆ ಶಿಶುವಿಹಾರ ಬಂತು. 1994ರ ಏಪ್ರಿಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಕೂತು ವಿಪಶ್ಯನ ಧ್ಯಾನ ಕಲಿತರು. ಅದೇ ವರ್ಷ ಕಿರಣ್ ಬೇಡಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

1995ರಲ್ಲಿ ಅವರಿಗೆ ಅಲ್ಲಿಂದ ವರ್ಗವಾಯಿತು. ಇದರಿಂದ ನಾವೂ ಒಂದು ಪಾಠ ಕಲಿಯಬೇಕು. ಒಳ್ಳೆಯ ಅಧಿಕಾರಿ ಬರುತ್ತಾರೆ, ಹೋಗುತ್ತಾರೆ. ಅವರನ್ನೇ ನಂಬಿ ಕೂತರೆ ಸಾಲದು. ಕಾನೂನು ಇರಬೇಕು. ಕಾನೂನನ್ನು ಓದಿ ಕೇಳುವ ಜನವೂ ಇರಬೇಕು.

ಜೈಲು ನಡೆಸುವುದು ಆಯಾ ರಾಜ್ಯ ಸರ್ಕಾರದ ಕೆಲಸ. ನಮ್ಮ ಕರ್ನಾಟಕದಲ್ಲಿ ಆ ಇಲಾಖೆಯ ಹೆಸರೇ 'ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ'. ಸುಧಾರಣೆ ಅನ್ನುವ ಮಾತು ಹೆಸರಲ್ಲೇ ಇದೆ. ಅದು ಕೆಲಸದಲ್ಲೂ ಕಾಣಬೇಕಾದರೆ ನಾವು ಕೇಳಬೇಕು. ಕೇಳಲು ತಿಳಿದಿರಬೇಕು. ಈ 5 ವಿಷಯ ನೆನಪಿಡಿ.

ಒಂದು: ಪೊಲೀಸರು ಹಿಡಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ದಾರಿಯ ಸಮಯ ಮಾತ್ರ ಲೆಕ್ಕಕ್ಕಿಲ್ಲ.

ಎರಡು: ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅಗತ್ಯವಿದ್ದರೆ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು.

ಮೂರು: ಹೆಂಗಸರಿಗೆ ಸರ್ಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಆದಾಯ ಎಷ್ಟು ಅಂತ ಕೇಳುವುದಿಲ್ಲ. ಜೈಲಿನಲ್ಲಿರುವ ಗಂಡಸರಿಗೂ ಈ ನೆರವು ಉಂಟು. ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. 15100ಕ್ಕೆ ಫೋನನ್ನೂ ಮಾಡಬಹುದು.

ನಾಲ್ಕು: ತಾಯಿ ಜೈಲಿಗೆ ಹೋದರೆ 6 ವರ್ಷ ತುಂಬುವ ತನಕ ಮಗು ತಾಯಿಯ ಜೊತೆ ಇರಬಹುದು. ಮಗು ಕೈದಿಯಲ್ಲ. ಅದಕ್ಕೆ ಊಟ, ಔಷಧಿ, ಪಾಠ, ಆಟ ಎಲ್ಲ ಕೊಡಬೇಕು. 2006ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ.

ಐದು: 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ. ಹಿಂದೆ ಎಂದೂ ಶಿಕ್ಷೆ ಆಗದವರು, ಆ ಅಪರಾಧಕ್ಕೆ ಇರುವ ಹೆಚ್ಚಿನ ಶಿಕ್ಷೆಯಲ್ಲಿ ಮೂರನೇ ಒಂದು ಪಾಲು ದಿನ ಒಳಗೇ ಕಳೆದಿದ್ದರೆ ಬಿಡುಗಡೆ ಕೇಳಬಹುದು. ಮರಣದಂಡನೆ, ಜೀವಾವಧಿ ಶಿಕ್ಷೆಯ ಕೇಸುಗಳಿಗೆ ಇದು ಇಲ್ಲ. ಬೇರೆ ಕೇಸುಗಳೂ ಇದ್ದರೆ ಸಿಗದು. ನಿಮ್ಮ ಕೇಸಿಗೆ ಬರುತ್ತದೋ ಇಲ್ಲವೋ ವಕೀಲರನ್ನೇ ಕೇಳಿ.

ಈ ದಿನಗಳ ಲೆಕ್ಕ ಹಾಕುವವರು ಯಾರು? ಬಂಧಿಸಿದ ತಾರೀಖು ಬರೆದಿಟ್ಟವರು! ಆದ್ದರಿಂದ ಮನೆಯವರು ಯಾರಾದರೂ ಒಳಗಿದ್ದರೆ ಒಂದು ನೋಟ್‌ಬುಕ್ ಇಡಿ. ಬಂಧಿಸಿದ ದಿನ, ಕೇಸಿನ ನಂಬರು, ಕೋರ್ಟಿನ ಹೆಸರು, ಮುಂದಿನ ತಾರೀಖು. ಈ 4 ಸಾಲು ಸಾಕು. ನಿಮ್ಮ ಕೈಯಾರೆ ಬರೆಯಿರಿ.

ಕಾಗದಕ್ಕೆ ಸಹಿ ಹಾಕುವ ಮುಂಚೆ ಓದಿ. ಅರ್ಥವಾಗದಿದ್ದರೆ ಕೇಳಿ. ಕೇಳಲು ನಾಚಿಕೆ ಬೇಡ.

ಜೈಲಿಗೆ ಹೋದವರು ಸ್ವಾತಂತ್ರ್ಯ ಕಳೆದುಕೊಳ್ಳುತ್ತಾರೆ. ಮಾನ ಕಳೆದುಕೊಳ್ಳಬೇಕಿಲ್ಲ. ಅವರೂ ಒಂದು ದಿನ ನಮ್ಮ ಊರಿಗೇ ವಾಪಸು ಬರುತ್ತಾರೆ. ಮನುಷ್ಯರಾಗಿ ಬರಲಿ ಅಂತ ತಾನೇ ನಮ್ಮ ಆಸೆ?

ತಿಹಾರ್‌ನಲ್ಲಿ ಕಬ್ಬಿಣದ ಬಾಗಿಲು ದಾಟಿದ್ದು ಒಂದು ಚೀಟಿ. ಅದರಲ್ಲಿ ಇದ್ದದ್ದು ನಾಲ್ಕು ಅಕ್ಷರ. ಆ ಅಕ್ಷರ ಈಗ ನಮ್ಮ ಕೈಯಲ್ಲೂ ಇದೆ. ಬನ್ನಿ, ಓದೋಣ. ಬರೆಯೋಣ. ಕೇಳೋಣ.